ಮೇ ತಿಂಗಳ ಮೊದಲ ಗುರುವಾರ

ಬೆಳಗಿನ ಏಳಕ್ಕೆ ಇನ್ನೂ ಹತ್ತು ನಿಮಿಷವಿದೆ. ಊರಿನ ಸಭಾಭವನದ ಬಾಗಿಲಿಗೆ ಒಂದು ಬಿಳಿ ಹಲಗೆ ಕಟ್ಟುತ್ತಿದ್ದಾರೆ. ದಪ್ಪ ಕಪ್ಪು ಅಕ್ಷರದಲ್ಲಿ ‘ಮತಗಟ್ಟೆ’ ಎಂದಿದೆ, ಅಷ್ಟೇ. ಒಳಗೆ ಮರದ ನೆಲದ ಮೇಲೆ ಬ್ಯಾಡ್ಮಿಂಟನ್ ಆಟದ ಗೆರೆಗಳು, ಗೋಡೆಗೆ ಒರಗಿಸಿ ಪೇರಿಸಿಟ್ಟ ಕುರ್ಚಿಗಳು, ಮೂಲೆಯಲ್ಲಿ ಶಿಶುಕೂಟದ ಮಕ್ಕಳ ಪ್ಲಾಸ್ಟಿಕ್ ಟ್ರ್ಯಾಕ್ಟರು. ಅಡುಗೆಕೋಣೆಯ ಕಿಂಡಿಯಾಚೆ ಚಹಾಕ್ಕೆ ನೀರು ಕುದಿಯುತ್ತಿದೆ. ಮತಗಟ್ಟೆಯ ಅಧಿಕಾರಿ ರಾತ್ರಿ ಹತ್ತರವರೆಗೂ, ಅಂದರೆ ಹದಿನೈದು ಗಂಟೆ, ಈ ಭವನ ಬಿಟ್ಟು ಹೋಗುವ ಹಾಗಿಲ್ಲ. ಹಾಗಾಗಿ ಎರಡು ಹೊತ್ತಿನ ಸ್ಯಾಂಡ್‌ವಿಚ್ಚು, ಹಣ್ಣು, ಸಂಜೆಯ ಚಳಿಗೆಂದು ದಪ್ಪ ಸ್ವೆಟರು ಎಲ್ಲವೂ ಚೀಲದಲ್ಲಿ ಬಂದಿವೆ. ಖಾಲಿ ಮತಪೆಟ್ಟಿಗೆಯನ್ನು ಎದುರಿಗಿದ್ದವರಿಗೆ ತೆರೆದು ತೋರಿಸಿ, ಮುಚ್ಚಿ, ಮೊಹರು ಮಾಡುತ್ತಾರೆ. ಬದಿಯಲ್ಲಿ ಹಲಗೆಯಿಂದ ಮರೆ ಮಾಡಿದ ನಾಲ್ಕು ಕಟ್ಟೆಗಳು. ಒಂದೊಂದರಲ್ಲೂ ದಾರ ಕಟ್ಟಿದ ಒಂದು ಪೆನ್ಸಿಲ್.

ಇಂಗ್ಲೆಂಡಿನಲ್ಲಿ ಮತ ಹಾಕುವುದು ಆ ಪೆನ್ಸಿಲ್ಲಿನಿಂದ. ಬಟನ್ ಒತ್ತುವ ಯಂತ್ರವಿಲ್ಲ, ಬೆರಳಿಗೆ ಮಸಿಯಿಲ್ಲ. ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿಯನ್ನು ಎಡಗೈ ತೋರುಬೆರಳಿಗೆ ಹಚ್ಚಿಸಿಕೊಂಡು ಬೆಳೆದ ನಮಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕು. ಕಾಗದದ ಮೇಲೆ ಅಭ್ಯರ್ಥಿಗಳ ಹೆಸರುಗಳು ಅಕಾರಾದಿಯಾಗಿ ಇರುತ್ತವೆ. ಬೇಕಾದ ಹೆಸರಿನ ಮುಂದೆ ಒಂದು ಕತ್ತರಿ ಗುರುತು ಹಾಕಿ, ಮಡಿಸಿ, ಪೆಟ್ಟಿಗೆಗೆ ಬಿಡಬೇಕು. ಇಚ್ಛಿಸಿದವರು ಸ್ವಂತ ಪೆನ್ನು ತರಬಹುದು. ಬಹುತೇಕ ಯಾರೂ ತರುವುದಿಲ್ಲ.

ದಿನ 2023ರ ಮೇ 4, ಜಿಲ್ಲಾ ಕೌನ್ಸಿಲ್ ಚುನಾವಣೆ. ಊರು ಯಾವುದಾದರೂ ಆಗಬಹುದು. ಸಫೋಕ್ ಕೌಂಟಿಯ ನಡುಭಾಗದ ಮಿಡ್ ಸಫೋಕ್ ಜಿಲ್ಲೆಯಲ್ಲಿ ಇಂಥ ಸಭಾಭವನಗಳಿಗೆ ಬರವಿಲ್ಲ. ಲಂಡನ್ನಿನಿಂದ ನಾರಿಚ್‌ಗೆ ಹೋಗುವ ರೈಲು ಸ್ಟೋಮಾರ್ಕೆಟ್ ದಾಟಿದ ಮೇಲೆ ಕಿಟಕಿಯಾಚೆ ಕಾಣುವುದೇ ಈ ಸೀಮೆ. ಎತ್ತರವೂ ಅಲ್ಲದ, ತೀರಾ ಚಪ್ಪಟೆಯೂ ಅಲ್ಲದ ಜಿಗುಟು ಮಣ್ಣಿನ ಬಯಲು. ಗೋಧಿ, ಬಾರ್ಲಿ, ಸಕ್ಕರೆ ಬೀಟ್ ಹೊಲಗಳು. ಮೇ ಬಂತೆಂದರೆ ಸಾಸಿವೆಯ ಬಳಗದ ರೇಪ್ ಬೆಳೆ ಹೂ ಬಿಟ್ಟು ಬಯಲಿಗೆ ಬಯಲೇ ಹಳದಿ. ರಸ್ತೆಯ ಎರಡೂ ಬದಿ ಹಾಥಾರ್ನ್ ಬೇಲಿ ಬಿಳಿಯಾಗುವ ಕಾಲ ಅದು. ಬೇಲಿಯ ಬುಡದಲ್ಲಿ ಸೊಂಟದೆತ್ತರಕ್ಕೆ ಬಿಳಿ ಜಾಲರಿಯಂಥ ಕೌ ಪಾರ್ಸ್ಲಿ. ಹುಲ್ಲು ಹೊದಿಸಿದ ಮನೆಗಳ ಗೋಡೆಗೆ ಈ ಕೌಂಟಿಯ ಹೆಸರನ್ನೇ ಪಡೆದಿರುವ ಗುಲಾಬಿ ಬಣ್ಣ. ಪ್ರತಿ ಊರಿಗೂ ಚಕಮಕಿ ಕಲ್ಲಿನ ಚರ್ಚು. 871 ಚದರ ಕಿಲೋಮೀಟರಿನಲ್ಲಿ, 2021ರ ಜನಗಣತಿಯಂತೆ, ಸುಮಾರು 1,02,700 ಜನ. ದೊಡ್ಡ ಊರು ಸ್ಟೋಮಾರ್ಕೆಟ್. ಆಮೇಲೆ ನೀಡಮ್ ಮಾರ್ಕೆಟ್, ಐ ಎಂಬ ಪುಟ್ಟ ಪಟ್ಟಣಗಳು. ಉಳಿದದ್ದೆಲ್ಲ ಡೆಬೆನಮ್, ವೂಲ್‌ಪಿಟ್, ಮೆಂಡಲ್‌ಷಮ್, ಸ್ಟ್ರಾಡ್‌ಬ್ರೂಕ್ ಮೊದಲಾದ ಹಳ್ಳಿಗಳು.

ಆ ವಾರ ಹಳ್ಳಿಗಳೆಲ್ಲ ಸಿಂಗಾರದಲ್ಲಿದ್ದವು. ಚುನಾವಣೆಗಾಗಿ ಅಲ್ಲ. ಮತದಾನದ ಎರಡನೇ ದಿನಕ್ಕೇ, ಶನಿವಾರ, ಮೂರನೇ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ. ಬೀದಿಗೆ ಅಡ್ಡಲಾಗಿ ಕಟ್ಟಿದ ಪತಾಕೆ, ಅಂಗಡಿಯ ಗಾಜಿನಲ್ಲಿ ರಾಜನ ಚಿತ್ರ, ಭಾನುವಾರದ ಸಹಭೋಜನಕ್ಕೆ ಯಾರು ಏನು ತರಬೇಕೆಂಬ ಪಟ್ಟಿ. ಇದರ ನಡುವೆ ಚುನಾವಣೆಯ ಗುರುತನ್ನು ಹುಡುಕಬೇಕು. ಕೆಲವರ ಕೈತೋಟದ ಬೇಲಿಯಲ್ಲಿ ಗೂಟಕ್ಕೆ ಹೊಡೆದ ಒಂದು ಫಲಕ, ಕಿಟಕಿಯಲ್ಲಿ ಅಂಗೈಯಗಲದ ಒಂದು ಚೀಟಿ. ಧ್ವನಿವರ್ಧಕ ಕಟ್ಟಿದ ಜೀಪಿಲ್ಲ, ಪಟಾಕಿಯಿಲ್ಲ, ಬಾಡೂಟವಿಲ್ಲ. ಈ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾಗಿದ್ದುದೇ 806 ಪೌಂಡು, ಅದರ ಮೇಲೆ ವಾರ್ಡಿನ ಪ್ರತಿ ಮತದಾರನ ಲೆಕ್ಕಕ್ಕೆ 7 ಪೆನ್ಸ್. ಕರಪತ್ರ ಅಚ್ಚು ಹಾಕಿಸಿದರೆ ಹಣ ಮುಗಿಯಿತು. ಠೇವಣಿ ಕಟ್ಟಬೇಕಾಗಿಯೇ ಇಲ್ಲ.

ಹಾಗಾಗಿ ಉಳಿಯುವುದು ಕಾಲು. ಏಪ್ರಿಲ್ ಪೂರ್ತಿ ಅಭ್ಯರ್ಥಿಗಳು ನಡೆಯುತ್ತಾರೆ. ಹಳ್ಳಿಯೆಂದರೆ ಒತ್ತೊತ್ತಾದ ಮನೆಗಳ ಸಾಲಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಮೈಲಿ ಹೊಲ ಇರಬಹುದು, ಗೇಟು ತೆರೆದು ಕೆಸರಿನ ಹಾದಿ ತುಳಿದು ಹೋಗಬೇಕು. ಬಾಗಿಲಿನ ಅಂಚೆಕಿಂಡಿಯಲ್ಲಿ ಕರಪತ್ರ ತೂರಿಸುವಾಗ ಒಳಗಿನಿಂದ ನಾಯಿ ಬೆರಳಿಗೆ ಬಾಯಿ ಹಾಕುತ್ತದೆ. ಅದಕ್ಕಾಗಿ ಅನುಭವಿಗಳು ಅಡುಗೆಮನೆಯ ಮರದ ಸೌಟು ಜೊತೆಗಿಟ್ಟುಕೊಂಡು ಅದರಿಂದ ಕಾಗದವನ್ನು ಒಳಗೆ ತಳ್ಳುತ್ತಾರೆ. ಬಾಗಿಲು ತೆರೆದರೆ ಮಾತು. ರಸ್ತೆಯ ಗುಂಡಿ, ಹೊರಟುಹೋದ ಬಸ್ಸು, ಎತ್ತದೆ ಬಿಟ್ಟ ಕಸದ ಡಬ್ಬಿ, ಹಿತ್ತಲ ಹೊಲದಲ್ಲಿ ಬರಲಿರುವ ನೂರಾರು ಹೊಸ ಮನೆ.

ಈ ಅಹವಾಲುಗಳಲ್ಲಿ ಅರ್ಧಕ್ಕರ್ಧ ಜಿಲ್ಲಾ ಕೌನ್ಸಿಲ್‌ನ ಕೈಯಲ್ಲಿಲ್ಲ. ಇಂಗ್ಲೆಂಡಿನ ಹಲವೆಡೆಯ ಹಳ್ಳಿಗಾಡಿನಂತೆ ಇಲ್ಲಿಯೂ ಸ್ಥಳೀಯ ಆಡಳಿತಕ್ಕೆ ಮೂರು ಮೆಟ್ಟಿಲು. ಮೇಲೆ ಕೌಂಟಿ ಕೌನ್ಸಿಲ್: ರಸ್ತೆ, ಶಾಲೆ, ಗ್ರಂಥಾಲಯ, ವೃದ್ಧರ ಆರೈಕೆ ಅದರದು. ಕೆಳಗೆ ಪ್ಯಾರಿಷ್ ಕೌನ್ಸಿಲ್. 1894ರ ಕಾಯಿದೆಯಿಂದ ಹುಟ್ಟಿದ ಇದು ನಮ್ಮ ಗ್ರಾಮ ಪಂಚಾಯಿತಿಗಿಂತಲೂ ಚಿಕ್ಕದು. ಬಸ್ ತಂಗುದಾಣ, ಮಕ್ಕಳ ಜೋಕಾಲಿ, ಊರ ಬೆಂಚು ಇದರ ಪಾಲಿಗೆ. ನಡುವಿನದೇ ಜಿಲ್ಲಾ ಕೌನ್ಸಿಲ್, 1974ರ ಏಪ್ರಿಲ್ 1ರಿಂದ ಈಗಿನ ರೂಪದಲ್ಲಿದೆ. ಕಸ ಎತ್ತುವುದು, ಬಡವರ ವಸತಿ, ಮನೆ ಕಟ್ಟಲು ಅನುಮತಿ, ತೆರಿಗೆ ವಸೂಲಿ ಅದರ ಹೊಣೆ. ಕೌಂಟಿ, ಪೊಲೀಸ್, ಪ್ಯಾರಿಷ್ ಎಲ್ಲರ ತೆರಿಗೆಯನ್ನೂ ವಸೂಲು ಮಾಡುವುದು ಜಿಲ್ಲೆಯೇ. ಅದರಲ್ಲಿ ತಾನು ಉಳಿಸಿಕೊಳ್ಳುವುದು ಸಣ್ಣ ಪಾಲು. ಬೈಗುಳ ಮಾತ್ರ ಪೂರ್ತಿ ಅದಕ್ಕೇ. ರಸ್ತೆಗುಂಡಿಯ ಮಾತೆತ್ತಿದವರಿಗೆ ‘ಅದು ನಮ್ಮದಲ್ಲ’ ಎಂದು ಬಾಗಿಲಿನಿಂದ ಹಿಂತಿರುಗುವ ಅಭ್ಯರ್ಥಿ ಸೋಲುತ್ತಾನೆ. ಗುಂಡಿಯ ಫೋಟೋ ತೆಗೆದುಕೊಂಡು ಹೋಗಿ ಕೌಂಟಿಗೆ ಬರೆದು, ಉತ್ತರ ಬಂದಾಗ ಮತ್ತೆ ಅದೇ ಬಾಗಿಲಿಗೆ ಬರುವವನು ನಿಲ್ಲುತ್ತಾನೆ. ಈ ಸೀಮೆಯ ರಾಜಕೀಯವನ್ನು ಅರಿಯಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ.

ಮತಗಟ್ಟೆಗೆ ಹಿಂತಿರುಗೋಣ. ಮೊದಲ ಗಿರಾಕಿಗಳು ಬಂದಾಯಿತು: ಲಂಡನ್ ರೈಲು ಹಿಡಿಯುವವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ನರ್ಸು, ನಾಯಿ ತಿರುಗಿಸಲು ಬಂದ ಮುದುಕ. ನಾಯಿಯ ಹಗ್ಗವನ್ನು ಹೊರಗೆ ಕಂಬಿಗೆ ಕಟ್ಟುತ್ತಾರೆ. ಮತಗಟ್ಟೆಯ ಬಾಗಿಲಲ್ಲಿ ಕಾದು ಕುಳಿತ ನಾಯಿಗಳ ಚಿತ್ರ ಹಂಚಿಕೊಳ್ಳುವುದು ಈಗ ಈ ದೇಶದ ಪ್ರತಿ ಚುನಾವಣೆಯ ಪದ್ಧತಿ. ಬಾಗಿಲ ಬಳಿ ಎದೆಗೆ ರಿಬ್ಬನ್ ಹೂ ಸಿಕ್ಕಿಸಿಕೊಂಡ ಇಬ್ಬರು, ಒಬ್ಬರದು ನೀಲಿ, ಇನ್ನೊಬ್ಬರದು ಹಸಿರು, ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಾರೆ. ಮತ ಹಾಕಿ ಬಂದವರ ಪಟ್ಟಿಸಂಖ್ಯೆ ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ತಮ್ಮ ಪಕ್ಷದವರಲ್ಲಿ ಯಾರು ಇನ್ನೂ ಬಂದಿಲ್ಲವೆಂದು ತಿಳಿದು ಸಂಜೆ ನೆನಪಿಸಲು ಈ ಲೆಕ್ಕ. ಹೇಳಲೇಬೇಕೆಂಬ ಕಡ್ಡಾಯವಿಲ್ಲ, ಆದರೂ ಹೆಚ್ಚಿನವರು ಹೇಳುತ್ತಾರೆ.

ಆ ದಿನ ಒಂದು ಹೊಸ ಮಾತೂ ಕೇಳುತ್ತಿತ್ತು: ‘ಗುರುತಿನ ಚೀಟಿ ತಂದಿದ್ದೀರಾ?’ ಇಂಗ್ಲೆಂಡಿನಾದ್ಯಂತ ಮತ ಹಾಕಲು ಫೋಟೋ ಇರುವ ದಾಖಲೆ ತೋರಿಸಬೇಕೆಂಬ ನಿಯಮ ಮೊದಲ ಬಾರಿಗೆ ಜಾರಿಯಾದದ್ದು ಅದೇ ಮೇ 4ರಂದು. ಅದಕ್ಕೆ ಮುಂಚೆ ಹೆಸರು, ವಿಳಾಸ ಬಾಯಲ್ಲಿ ಹೇಳಿದರೆ ಸಾಕಿತ್ತು. ನಲವತ್ತು ವರ್ಷದಿಂದ ಪರಿಚಯದ ನೆರೆಮನೆಯಾಕೆ ಮೇಜಿನ ಆಚೆ ಕುಳಿತು ನಿಮ್ಮ ಮುಖವನ್ನೂ ಹಿರಿಯರ ಬಸ್ ಪಾಸಿನ ಮುಖವನ್ನೂ ಹೋಲಿಸಿ ನೋಡಬೇಕಾಯಿತು. ಹಿರಿಯರ ಬಸ್ ಪಾಸು ನಡೆಯುತ್ತದೆ, ಯುವಕರ ರೈಲು ರಿಯಾಯಿತಿ ಕಾರ್ಡು ನಡೆಯುವುದಿಲ್ಲ. ಈ ತಾರತಮ್ಯ ನನಗೆ ಇವತ್ತಿಗೂ ಸರಿಯೆನಿಸಿಲ್ಲ. ಸರಿಯಾದ ದಾಖಲೆಯಿಲ್ಲದೆ ಬಂದು ಮತ ಹಾಕದೇ ಹೋದವರು ದೇಶದಲ್ಲಿ ಸುಮಾರು 14,000 ಎಂದು ಚುನಾವಣಾ ಆಯೋಗ ಆಮೇಲೆ ಲೆಕ್ಕ ಕೊಟ್ಟಿತು. ಮೇಜಿನವರೆಗೂ ಬಾರದೆ ಬಾಗಿಲಿನಲ್ಲಿಯೇ ಈ ನಿಯಮದ ಸೂಚನೆ ಓದಿ ಹಿಂತಿರುಗಿದವರು ಇದರಲ್ಲಿ ಸೇರುವುದಿಲ್ಲ.

ಒಪ್ಪುವ ದಾಖಲೆಗಳ ಪಟ್ಟಿಯಲ್ಲಿ ಭಾರತದ ಪಾಸ್‌ಪೋರ್ಟೂ ಇದೆ. ಕಾಮನ್‌ವೆಲ್ತ್ ದೇಶದ ಪ್ರಜೆ ನ್ಯಾಯವಾಗಿ ಬ್ರಿಟನ್ನಿನಲ್ಲಿ ನೆಲೆಸಿದ್ದರೆ ಅಲ್ಲಿ ಮತ ಹಾಕಬಹುದು, ಅನಿರ್ದಿಷ್ಟ ಕಾಲ ನೆಲೆಸುವ ಅನುಮತಿಯಿದ್ದರೆ ಕೌನ್ಸಿಲ್‌ಗೆ ನಿಲ್ಲಲೂಬಹುದು. ಸಫೋಕ್‌ನ ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಕೆಲಸಕ್ಕೆಂದು ಹೋದ ಕನ್ನಡದ ನರ್ಸು, ಡಾಕ್ಟರು ಬ್ರಿಟಿಷ್ ಪೌರತ್ವಕ್ಕಾಗಿ ಕಾಯಬೇಕಿಲ್ಲ. ಹೆಸರು ನೋಂದಾಯಿಸಿ, ಸಿಂಹಮುದ್ರೆಯ ನೀಲಿ ಪುಸ್ತಕ ಹಿಡಿದು ಊರ ಸಭಾಭವನಕ್ಕೆ ಹೋದರೆ ಮತಪತ್ರ ಕೊಡಲೇಬೇಕು. ಅಲ್ಲಿರುವ ನಮ್ಮವರಲ್ಲಿ ಎಷ್ಟೋ ಮಂದಿಗೆ ಈ ಹಕ್ಕು ತಮಗಿದೆಯೆಂದೇ ಗೊತ್ತಿರುವುದಿಲ್ಲ. ಗೊತ್ತಾಗಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ಈ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಐ ಪಟ್ಟಣದಲ್ಲಿ ನಿಂತು ಮತಗಟ್ಟೆಯನ್ನು ನೋಡುವ ಕನ್ನಡಿಗನಿಗೆ ಇನ್ನೊಂದು ಕಾರಣಕ್ಕೂ ಕಾಲು ನಿಲ್ಲುತ್ತದೆ. ಎರಡು ಸಾವಿರದಷ್ಟು ಜನವಸತಿಯ, ಕೋಟೆದಿಬ್ಬ, ಎತ್ತರದ ಚರ್ಚುಗೋಪುರ ಇರುವ ಪಟ್ಟಣ ಇದು. 1571ರಿಂದ 1832ರವರೆಗೆ ಇಷ್ಟು ಸಣ್ಣ ಊರು ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುತ್ತಿತ್ತು. ಕಳಿಸುತ್ತಿದ್ದುದು ಊರಲ್ಲ, ಪಕ್ಕದ ಬ್ರೋಮ್ ಹಾಲ್‌ನ ಜಮೀನುದಾರ ಮನೆತನ. ಕ್ಷೇತ್ರ ಅವರ ಜೇಬಿನಲ್ಲಿತ್ತು; ಅವರು ಹೇಳಿದವರೇ ಗೆಲ್ಲಬೇಕು. ಆ ಮನೆತನದ ಹೆಸರು ಕಾರ್ನ್‌ವಾಲಿಸ್. 1760ರ ಜನವರಿಯಲ್ಲಿ ಐ ಕ್ಷೇತ್ರದಿಂದ ಆಯ್ಕೆಯಾದವನು ಮನೆಯ ಹಿರಿಮಗ ಚಾರ್ಲ್ಸ್, ಇಪ್ಪತ್ತೊಂದರ ಹರೆಯ. ಎರಡು ವರ್ಷಕ್ಕೆ ತಂದೆ ತೀರಿಕೊಂಡು ಆತ ಲಾರ್ಡುಗಳ ಸಭೆಗೆ ಹೋದ. ಅದೇ ಚಾರ್ಲ್ಸ್ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ದಂಡವನ್ನೂ ಟಿಪ್ಪುವಿನಿಂದ ಬರೆಸಿಕೊಂಡು, ಅವನ ಎಳೆಯ ಮಕ್ಕಳಿಬ್ಬರನ್ನು ಒತ್ತೆಯಾಳಾಗಿ ಕರೆದೊಯ್ದದ್ದು. ನಮ್ಮ ಕಾವೇರಿ ತೀರದ ಆ ದುಃಖದ ಕಥೆಯ ನಾಯಕ ಮೊದಲ ಚುನಾವಣೆ ಗೆದ್ದದ್ದು ಈ ಹೊಲಗಳ ನಡುವೆ, ಯಾರ ಬಾಗಿಲನ್ನೂ ತಟ್ಟದೆ.

ನೆರೆಯ ಸಡ್‌ಬರಿಯ ಕಥೆ ಬೇರೆ ಬಗೆಯದು. ಉತ್ತರ ಭಾರತದ ಸರ್ಧನಾದ ಒಡತಿ ಬೇಗಂ ಸಮ್ರುವಿನ ವಾರಸುದಾರ ಡೈಸ್ ಸೋಂಬ್ರೆ ಎಂಬ ಭಾರತೀಯ ಮೂಲದ ಶ್ರೀಮಂತ 1841ರಲ್ಲಿ ಅಲ್ಲಿಂದ ಪಾರ್ಲಿಮೆಂಟಿಗೆ ಗೆದ್ದ. ಲಂಚ ಹಂಚಿದ್ದಕ್ಕೆ 1842ರಲ್ಲಿ ಆ ಗೆಲುವು ರದ್ದಾಯಿತು, 1844ರಲ್ಲಿ ಆ ಊರೇ ತನ್ನ ಕ್ಷೇತ್ರವನ್ನು ಕಳೆದುಕೊಂಡಿತು. ಆಗೆಲ್ಲ ಮತವನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಜಮೀನುದಾರನ ಪಾರುಪತ್ತೇಗಾರ ಎದುರು ನಿಂತಿರುವಾಗ ಒಕ್ಕಲು ಮಗ ಯಾರ ಹೆಸರು ಹೇಳಿಯಾನು? ಗುಪ್ತ ಮತದಾನ ಬಂದದ್ದು 1872ರಲ್ಲಿ. ಆ ಹಲಗೆಯ ಮರೆ, ದಾರ ಕಟ್ಟಿದ ಆ ಪೆನ್ಸಿಲ್ ಆ ಕಾಲದಿಂದ ಬಂದ ಗಳಿಕೆ.

2023ರಲ್ಲಿ ಈ ಸೀಮೆ ಏನು ಮಾಡಿತೆಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಫೋಕ್‌ನ ಹಳ್ಳಿಗಳು ತಲೆಮಾರುಗಳಿಂದ ನೀಲಿ ಬಣ್ಣದ ಕನ್ಸರ್ವೇಟಿವ್ ಪಕ್ಷದವು. ಅಲ್ಲಿ ಪರಿಸರವಾದಿ ಗ್ರೀನ್ ಪಾರ್ಟಿ ಸದ್ದಿಲ್ಲದೆ ಬೇರು ಬಿಟ್ಟಿತು, ಒಂದೊಂದೇ ವಾರ್ಡು. ಗೆದ್ದವರು ನಾಲ್ಕು ವರ್ಷವೂ ಬಾಗಿಲು ತಟ್ಟುತ್ತಲೇ ಇದ್ದರು. ಮುಂದಿನ ಸಲ ಪಕ್ಕದ ವಾರ್ಡೂ ಬಂತು. 2019ರಲ್ಲಿ ಮಿಡ್ ಸಫೋಕ್ ಜಿಲ್ಲಾ ಕೌನ್ಸಿಲ್‌ನ 34 ಸ್ಥಾನಗಳಲ್ಲಿ ಕನ್ಸರ್ವೇಟಿವ್ 16, ಗ್ರೀನ್ 12, ಲಿಬರಲ್ ಡೆಮಾಕ್ರಾಟ್ 5, ಸ್ವತಂತ್ರ 1. ಆಗಲೇ ನೆಲ ಅಲುಗಿತ್ತು, ದೂರದ ಪತ್ರಿಕೆಗಳು ಗಮನಿಸಿರಲಿಲ್ಲ.

ಪರಿಸರ ಪಕ್ಷವೆಂದರೆ ನಗರದ ಓದಿದ ಯುವಕರ ಪಕ್ಷ ಎಂದುಕೊಂಡವರಿಗೆ ಇದು ಅಚ್ಚರಿ. ಹೊಲದ ಬದುವಿನಲ್ಲಿ ನಿಂತವರಿಗೆ ಅಷ್ಟೇನೂ ಅಲ್ಲ. ಸಫೋಕ್‌ನ ಹಿರಿಯ ಕನ್ಸರ್ವೇಟಿವ್ ಮತದಾರ ಬೇಲಿಯನ್ನು, ಬೇಲಿಯಲ್ಲಿ ಗೂಡು ಕಟ್ಟುವ ಹಕ್ಕಿಯನ್ನು, ಅಜ್ಜನ ಕಾಲದ ಓಕ್ ಮರವನ್ನು ಉಳಿಸಬೇಕೆನ್ನುವವನೇ. ಈಗ ಅವನ ಹಳ್ಳಿಯ ಅಂಚಿಗೆ ಒಂದೇ ಅಚ್ಚಿನ ಮನೆಗಳ ಬಡಾವಣೆ ಬರುತ್ತಿದೆ; ಶಾಲೆಯಲ್ಲಿ ಜಾಗವಿಲ್ಲ, ವೈದ್ಯರ ಬಳಿ ಸಮಯವಿಲ್ಲ. ಫೀಲಿಕ್ಸ್‌ಸ್ಟೋ ಬಂದರಿನ ಕಂಟೇನರ್ ಲಾರಿಗಳು ಹಗಲಿರುಳು ಎ14 ಹೆದ್ದಾರಿಯಲ್ಲಿ. ನಾರಿಚ್‌ನಿಂದ ಟಿಲ್‌ಬರಿಗೆ ಹೊಲಗಳ ಮೇಲೆ ವಿದ್ಯುತ್ ಗೋಪುರಗಳ ಸಾಲು ನಿಲ್ಲಿಸುವ ಯೋಜನೆ ಬೇರೆ. ನದಿಗಳಿಗೆ ಕೊಳಚೆ ಬಿಡುವ ಸುದ್ದಿ ದಿನಪತ್ರಿಕೆಯಲ್ಲಿ. ಲಂಡನ್ನಿನಲ್ಲಿ ಒಂದೇ ವರ್ಷ, 2022ರಲ್ಲಿ, ಮೂವರು ಪ್ರಧಾನಿಗಳು. ಇಷ್ಟೆಲ್ಲದರ ನಡುವೆ ಬಾಗಿಲಿಗೆ ಬಂದವನು ಪಕ್ಷದ ಬಣ್ಣಕ್ಕಿಂತ ಮುಂಚೆ ಊರಿನವನಾಗಿ ಕಂಡ. ನೀಲಿಯಿಂದ ಹಸಿರಿಗೆ ಹೋಗುವುದು ಆ ಮತದಾರನಿಗೆ ಮನೆ ಬದಲಿಸಿದ ಹಾಗೆ ಅನಿಸಲಿಲ್ಲ.

ವೂಲ್‌ಪಿಟ್ ಹಳ್ಳಿಯ ಒಂದು ಹಳೆಯ ಕಥೆ ಈ ಹಸಿರಿನ ಮಾತಿಗೆ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ, ಕೊಯಿಲಿನ ಹೊತ್ತಿನಲ್ಲಿ, ಮೈಯೆಲ್ಲ ಹಸಿರು ಬಣ್ಣದ ಇಬ್ಬರು ಮಕ್ಕಳು ಸಿಕ್ಕರೆಂದು ಆ ಕಾಲದ ಇಬ್ಬರು ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಯಾರಿಗೂ ತಿಳಿಯದ ಭಾಷೆ. ಹಸಿ ಬೀನ್ಸ್ ಬಿಟ್ಟು ಬೇರೇನೂ ತಿನ್ನಲೊಲ್ಲರು. ಹುಡುಗ ತೀರಿಕೊಂಡ, ಹುಡುಗಿ ಊರಿನ ಅನ್ನ ಉಂಡು, ಹಸಿರು ಬಣ್ಣ ಕಳೆದು, ಅಲ್ಲಿಯವರೊಳಗೆ ಒಂದಾದಳು. ಊರಿನ ಹೆಸರಿನ ಕಂಬದ ಮೇಲೆ ಆ ಮಕ್ಕಳ ಚಿತ್ರ ಈಗಲೂ ಇದೆ.

ಸಂಜೆ ಐದಕ್ಕೆ ಭವನದ ಮುಂದೆ ಕಾರುಗಳು ಹೆಚ್ಚುತ್ತವೆ. ಶಾಲೆಯ ಸಮವಸ್ತ್ರದ ಮಗು ತಾಯಿಯ ಕೈಯಿಂದ ಮಡಿಸಿದ ಕಾಗದ ಇಸಿದುಕೊಂಡು ಪೆಟ್ಟಿಗೆಯ ಸೀಳಿಗೆ ಹಾಕುತ್ತದೆ. ಟ್ರ್ಯಾಕ್ಟರನ್ನು ರಸ್ತೆಬದಿ ನಿಲ್ಲಿಸಿ ಬಂದ ರೈತ ಬೂಟಿನ ಮಣ್ಣನ್ನು ಹೊಸ್ತಿಲಿಗೆ ಉಜ್ಜಿ ಉಜ್ಜಿ ಒಳಗೆ ಕಾಲಿಡುತ್ತಾನೆ. ಸ್ಥಳೀಯ ಚುನಾವಣೆಗೆ ಈ ದೇಶದಲ್ಲಿ ಮೂವರಲ್ಲಿ ಒಬ್ಬರು ಬಂದರೆ ವಾಡಿಕೆ, ಅದಕ್ಕಿಂತ ಹೆಚ್ಚಾದರೆ ಒಳ್ಳೆಯ ದಿನ. ನಡುನಡುವೆ ಅರ್ಧ ಗಂಟೆ ಯಾರೂ ಬರದ ಹೊತ್ತಿರುತ್ತದೆ. ಎಂಟೂವರೆಗೆ ಕತ್ತಲಾಗತೊಡಗುತ್ತದೆ. ಹತ್ತಕ್ಕೆ ಬಾಗಿಲು ಮುಚ್ಚಿ, ಮತಪತ್ರಗಳ ಲೆಕ್ಕ ಬರೆದು, ಪೆಟ್ಟಿಗೆಯ ಸೀಳಿಗೆ ಮೊಹರು ಹಾಕಿ, ಮತಗಟ್ಟೆಯ ಅಧಿಕಾರಿ ಅದನ್ನು ಸ್ವಂತ ಕಾರಿನಲ್ಲಿಟ್ಟುಕೊಂಡು ಹೊರಡುತ್ತಾರೆ.

ಎಣಿಕೆ ಮರುದಿನ ಶುಕ್ರವಾರ. ಉದ್ದ ಮೇಜುಗಳ ಒಂದು ಕಡೆ ಎಣಿಸುವವರು, ಎದುರಿಗೆ ಕೈ ಸೋಕಿಸದೆ ಬಾಗಿ ನೋಡುವ ಏಜೆಂಟರು. ಮೊದಲು ಕಾಗದಗಳ ಸಂಖ್ಯೆ ತಾಳೆಯಾಗಬೇಕು, ಆಮೇಲೆ ಹೆಸರುವಾರು ಕಟ್ಟು. ಗುರುತು ಅಸ್ಪಷ್ಟವಾಗಿದ್ದರೆ ಚುನಾವಣಾಧಿಕಾರಿ ಅಭ್ಯರ್ಥಿಗಳನ್ನು ಕರೆದು ಒಂದೊಂದನ್ನೂ ತೋರಿಸಿ ತೀರ್ಮಾನಿಸುತ್ತಾರೆ. ಕತ್ತರಿ ಗುರುತಿನ ಬದಲು ನಗುಮುಖ ಬರೆದಿದ್ದರೂ, ಯಾರಿಗೆಂಬುದು ಖಚಿತವಿದ್ದರೆ, ಮತ ಸಿಂಧು. ವಾರ್ಡು ಸಣ್ಣದಾದ್ದರಿಂದ ಅಂತರ ಹತ್ತಿಪ್ಪತ್ತಕ್ಕೆ ಇಳಿಯುವುದುಂಟು. ಸಮಸಮವಾದರೆ ಚೀಟಿ ಎತ್ತಬೇಕು. 2017ರಲ್ಲಿ ನಾರ್ಥಂಬರ್‌ಲ್ಯಾಂಡಿನ ಸೌತ್ ಬ್ಲೈತ್ ವಾರ್ಡಿನಲ್ಲಿ ಹೀಗೇ ಕಡ್ಡಿ ಎತ್ತಿ ವಿಜೇತರನ್ನು ಆರಿಸಿದ್ದರು. ಆ ಒಂದು ಕಡ್ಡಿಯಿಂದ ಇಡೀ ಕೌಂಟಿಯಲ್ಲಿ ಒಂದು ಪಕ್ಷಕ್ಕೆ ಬಹುಮತ ತಪ್ಪಿತು.

ಮಿಡ್ ಸಫೋಕ್‌ನಲ್ಲಿ ಚೀಟಿಯ ಮಾತೇ ಬರಲಿಲ್ಲ. ಒಂದಾದ ಮೇಲೊಂದು ವಾರ್ಡಿನ ಫಲಿತಾಂಶ ಓದಿದಂತೆ ಹಸಿರು ರಿಬ್ಬನ್ನಿನವರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ಗ್ರೀನ್ 24, ಕನ್ಸರ್ವೇಟಿವ್ 6, ಲಿಬರಲ್ ಡೆಮಾಕ್ರಾಟ್ 4. ಬ್ರಿಟನ್ನಿನ ಇತಿಹಾಸದಲ್ಲಿ ಒಂದು ಕೌನ್ಸಿಲ್ ಸ್ಪಷ್ಟ ಬಹುಮತದೊಂದಿಗೆ ಗ್ರೀನ್ ಪಾರ್ಟಿಯ ಕೈಗೆ ಬಂದದ್ದು ಅದೇ ಮೊದಲು. ಬಹುಕಾಲದಿಂದ ಆ ಪಕ್ಷದ ತವರೆನಿಸಿದ್ದ ಬ್ರೈಟನ್ ನಗರದಲ್ಲಿ ಅದೇ ದಿನ ಪಕ್ಷ ಸೋತಿತು. ಆಂಡ್ರೂ ಮೆಲೆನ್ ಕೌನ್ಸಿಲ್‌ನ ನಾಯಕರಾದರು. ಮರುವರ್ಷ, 2024ರ ಜುಲೈ 4ರ ಸಾರ್ವತ್ರಿಕ ಚುನಾವಣೆಯಲ್ಲಿ, ಐ ಪಟ್ಟಣವೂ ಸೇರಿದ ವೇವ್‌ನಿ ವ್ಯಾಲಿ ಎಂಬ ಹೊಸ ಕ್ಷೇತ್ರ ಗ್ರೀನ್ ಪಾರ್ಟಿಯ ಏಡ್ರಿಯನ್ ರಾಮ್ಸೆಯನ್ನು ಪಾರ್ಲಿಮೆಂಟಿಗೆ ಕಳಿಸಿತು. ಕಾರ್ನ್‌ವಾಲಿಸ್ ಮನೆತನದ ಜೇಬಿನಲ್ಲಿದ್ದ ಊರು ಅದು.

ಗೆದ್ದವರ ಮೇಜಿನ ಮೇಲೆ ಮೊದಲ ವಾರವೇ ಬಂದು ಬೀಳುವುದು ಹಳೆಯ ಕಡತಗಳು: ಅದೇ ಬಡಾವಣೆಗಳು, ಅದೇ ಕಸದ ಲಾರಿ, ಸಾಲದ ಅನುದಾನ. ಮನೆಗಳ ಸಂಖ್ಯೆಯ ಒತ್ತಡ ಲಂಡನ್ನಿನಿಂದ ಬರುತ್ತದೆ, ಬೇಡವೆಂದರೆ ಕಟ್ಟುವವರು ಮೇಲ್ಮನವಿಯಲ್ಲಿ ಗೆಲ್ಲಬಹುದು. ಕೌನ್ಸಿಲ್‌ನ ಕಚೇರಿ ಜಿಲ್ಲೆಯೊಳಗೂ ಇಲ್ಲ. ಖರ್ಚು ಉಳಿಸಲು 2017ರಲ್ಲಿ ನೀಡಮ್ ಮಾರ್ಕೆಟ್‌ನಿಂದ ಅದನ್ನು ಹೊರಗಿನ ಇಪ್ಸ್‌ವಿಚ್‌ಗೆ, ಕೌಂಟಿ ಕಚೇರಿಯ ಕಟ್ಟಡಕ್ಕೇ ಒಯ್ದಿದ್ದರು. ಬಸ್ಸಿಲ್ಲದ ಹಳ್ಳಿಯ ಮುದುಕಿಗೆ ತನ್ನ ಕೌನ್ಸಿಲ್ ಸಿಗುವುದು ವಾರ್ಡಿನ ಸದಸ್ಯೆ ಮನೆಗೆ ಬಂದಾಗಲೇ.

ಆ ಸದಸ್ಯೆಯ ಕುರ್ಚಿಯೇ ಈಗ ಅಲುಗುತ್ತಿದೆ. 2024ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಪ್ರಕಟಿಸಿದ ಶ್ವೇತಪತ್ರ ಕೌಂಟಿ, ಜಿಲ್ಲೆ ಎಂಬ ಎರಡು ಮೆಟ್ಟಿಲನ್ನು ತೆಗೆದು ಒಂದೇ ಕೌನ್ಸಿಲ್ ಮಾಡಬೇಕೆನ್ನುತ್ತದೆ. ಸುಮಾರು ಐದು ಲಕ್ಷ ಜನಕ್ಕೊಂದು ಎಂಬುದು ಅದರ ಅಳತೆಗೋಲು. ಸಫೋಕ್ ಮೊದಲ ಸರದಿಯಲ್ಲಿತ್ತು. ಅದಕ್ಕೆಂದೇ ಅಲ್ಲಿನ 2025ರ ಕೌಂಟಿ ಚುನಾವಣೆಯನ್ನು ಮುಂದೂಡಿದರು. ಒಂದೇ ಕೆಲಸಕ್ಕೆ ಎರಡು ಕಚೇರಿ ಯಾಕೆ ಎಂಬ ಸರ್ಕಾರದ ವಾದದಲ್ಲಿ ಹುರುಳಿದೆ. ಮಿಡ್ ಸಫೋಕ್‌ನಲ್ಲಿ ಇವತ್ತು ಮೂರು ಸಾವಿರ ಜನಕ್ಕೊಬ್ಬ ಜಿಲ್ಲಾ ಸದಸ್ಯರಿದ್ದಾರೆ, ಒಂದು ಏಪ್ರಿಲ್‌ನಲ್ಲಿ ಎಲ್ಲ ಬಾಗಿಲಿಗೂ ನಡೆದು ಮುಗಿಸಬಹುದಾದಷ್ಟು. ಐದು ಲಕ್ಷ ಜನರ ಕೌನ್ಸಿಲ್‌ನಲ್ಲಿ ಒಬ್ಬ ಸದಸ್ಯನ ಪಾಲಿಗೆ ಬರುವ ಜನ, ಹೊಲ, ಹಾದಿ ಎಲ್ಲವೂ ಹೆಚ್ಚುತ್ತವೆ. ದುಡ್ಡಿಲ್ಲದ, ಪತ್ರಿಕೆಯ ಬೆಂಬಲವಿಲ್ಲದ ಸಣ್ಣ ಗುಂಪೊಂದು ಬರಿ ನಡಿಗೆಯಿಂದ ಗೆಲ್ಲುವುದು ಅಲ್ಲಿ ಕಷ್ಟ ಎಂದೇ ನನ್ನ ಅನಿಸಿಕೆ. ಪ್ಯಾರಿಷ್‌ಗಳನ್ನು ಮಾತ್ರ ಶ್ವೇತಪತ್ರ ಹಾಗೆಯೇ ಬಿಟ್ಟಿದೆ. ಬೆಂಚು, ಜೋಕಾಲಿ, ಬಸ್ ತಂಗುದಾಣದ ಚುನಾವಣೆ ಅದೇ ಸಭಾಭವನಗಳಲ್ಲಿ ನಡೆಯುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಸ್ಥಾನಕ್ಕಿಂತ ಹೆಚ್ಚು ಅಭ್ಯರ್ಥಿಗಳೇ ಸಿಗದೆ ನಡೆಯುವುದೂ ಇಲ್ಲ.